ಅನ್ಯಭಾಷೆ ಬಾರದವರಿಗೆ ರಕ್ಷಣೆ ಇಲ್ಲವೇ? ಅತ್ತಿಗೆಯ ವಿಷಯದಲ್ಲಿ ಸಲಹೆ ಬೇಕು

ಮಂಜೇಶ್ವರದ ತಂಗಿ

ಎಲ್ಲರಿಗೂ ವಂದನೆ. ನಮ್ಮದು ಅಜ್ಜನ ಕಾಲದಿಂದ ಬಾಸೆಲ್ ಮಿಷನ್ ಕಡೆಯ ಕ್ರೈಸ್ತ ಮನೆ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ನಮ್ಮ ಅತ್ತಿಗೆ ಸ್ವಲ್ಪ ಸಮಯದಿಂದ ಕುಂಬಳೆ ಹತ್ತಿರ ಬಾಡಿಗೆ ಹಾಲ್‌ನಲ್ಲಿ ನಡೆಯುವ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಅಲ್ಲಿಯ ಪಾಸ್ಟರ್ ತೆಂಕು ಕೇರಳದವರು. ಅವರು ಮಲಯಾಳದಲ್ಲಿ ಹೇಳುತ್ತಾರೆ, ಪಕ್ಕದಲ್ಲಿ ಒಬ್ಬರು ಕನ್ನಡದಲ್ಲಿ ಹೇಳುತ್ತಾರೆ. ಹಾಡು, ಪ್ರಾರ್ಥನೆ ಎಲ್ಲ ಚೆನ್ನಾಗಿ ಉಂಟು. ಅಣ್ಣ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಾರದಿದ್ದ ಅತ್ತಿಗೆ ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ಜನರ ಜೊತೆ ಮಾತಾಡುವಂತಾದರು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಈಗ ತೊಂದರೆ ಎಂತ ಅಂದರೆ, ಅಭಿಷೇಕಕ್ಕೆ, ಅಂದರೆ ಪವಿತ್ರಾತ್ಮ (ದೇವರ ಆತ್ಮ) ಮೇಲೆ ಇಳಿದು ಬರಲಿ ಅಂತ ಅಲ್ಲಿ ವಿಶೇಷ ಕೂಟ ಇಟ್ಟಿದ್ದರು. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸುತ್ತ ಕೂತವರಿಗೆಲ್ಲ ಅನ್ಯಭಾಷೆ, ಅಂದರೆ ಆತ್ಮನ ಪ್ರೇರಣೆಯಿಂದ ಬಾಯಿಗೆ ಬರುತ್ತದೆ ಅನ್ನುವ ಕಲಿಯದ ಭಾಷೆಯ ಮಾತು, ಬಂತಂತೆ, ಅತ್ತಿಗೆಗೆ ಬರಲಿಲ್ಲ. ‘ಸ್ತೋತ್ರ ಸ್ತೋತ್ರ’ ಅಂತ ಬೇಗ ಬೇಗ ಹೇಳಿ, ನಾಲಿಗೆ ತನ್ನಿಂತಾನೇ ತಿರುಗುತ್ತದೆ ಅಂದರಂತೆ. ಆಗಲೂ ಬರಲಿಲ್ಲ. ‘ನಿಮ್ಮಲ್ಲಿ ಎಲ್ಲೋ ಪಾಪ ಅಡಗಿದೆ, ಅನ್ಯಭಾಷೆ ಬಂದರೇನೇ ರಕ್ಷಣೆ ಆದದ್ದು ಖಾತ್ರಿ’ ಅಂತ ಹೇಳಿ ಕಳಿಸಿದ್ದಾರೆ. ಅಂದಿನಿಂದ ಇವರು ಊಟ ಬಿಟ್ಟು ಉಪವಾಸ ಮಾಡುತ್ತಿದ್ದಾರೆ. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ನಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೂ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೂ) ಎದ್ದು ಬರುತ್ತಿಲ್ಲ. ‘ನಾನು ಸತ್ತರೆ ನರಕಕ್ಕೇ’ ಅಂತ ಅಳುತ್ತಾರೆ.

ನನಗೆ ವಾದ ಮಾಡಿ ಗೆಲ್ಲುವ ಆಸೆ ಇಲ್ಲ. ಬೈಬಲ್ ನಿಜವಾಗಿ ಏನು ಹೇಳುತ್ತದೆ? ತಿಳಿದವರು ಹೇಳಿ.

ಬದಿಯಡ್ಕದ ಮಾಸ್ಟ್ರು

ತಂಗೀ, ನೇರ ಉತ್ತರ ಮೊದಲು ಹೇಳುತ್ತೇನೆ. ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ದೇವರ ರಾಜ್ಯ ಸೇರುವುದಕ್ಕೆ, ಅನ್ಯಭಾಷೆ ಬೇಕೇ ಬೇಕು ಅಂತ ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ನಿಮ್ಮ ಅತ್ತಿಗೆ ಯೇಸುವನ್ನು ನಂಬಿದವರಾದರೆ ಅವರು ಹೆದರಬೇಕಾಗಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 16ನೇ ಅಧ್ಯಾಯ ತೆಗೆದು ಅವರ ಎದುರಿಗೆ ಕೂತು ಓದಿ. ಫಿಲಿಪ್ಪಿ ಊರಿನ ಜೈಲು. ನಡುರಾತ್ರಿ ಭೂಕಂಪ ಆಗಿ ಬಾಗಿಲುಗಳು ತೆರೆದುಕೊಂಡವು. ಕೈದಿಗಳು ಓಡಿಹೋದರು ಅಂತ ಎಣಿಸಿ ಜೈಲಿನ ಯಜಮಾನ ಕತ್ತಿ ಹಿರಿದು ಸಾಯಲು ಹೊರಟ. ಅಲ್ಲಿ ಕೈದಿಯಾಗಿದ್ದ ಅಪೊಸ್ತಲ ಪೌಲ ಕೂಗಿ ತಡೆದ. ಆಗ ಆ ಮನುಷ್ಯ ನಡುಗುತ್ತಾ ಬಂದು, ರಕ್ಷಣೆ ಹೊಂದಬೇಕಾದರೆ ನಾನೇನು ಮಾಡಬೇಕು ಅಂತ ಕೇಳುತ್ತಾನೆ. ನಿಮ್ಮ ಅತ್ತಿಗೆ ಕೇಳುತ್ತಿರುವುದೂ ಅದನ್ನೇ ಅಲ್ವಾ? ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ ಅಂತ ಉತ್ತರ ಸಿಕ್ಕಿತು. ಅದೇ ರಾತ್ರಿ ಅವನು ಅವರ ಗಾಯ ತೊಳೆದ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸಿಕೊಂಡ, ಮನೆಗೆ ಕರೆದು ಊಟ ಬಡಿಸಿದ, ಸಂತೋಷಪಟ್ಟ. ಅನ್ಯಭಾಷೆಯ ಸುದ್ದಿಯೇ ಇಲ್ಲ. ಅನ್ಯಭಾಷೆ ಇಲ್ಲದೆ ಒಳಗೆ ಹೋಗಲಾಗದು ಅಂತಿದ್ದರೆ, ಇಷ್ಟು ನೇರವಾಗಿ ಕೇಳಿದ ಮನುಷ್ಯನಿಗೆ ಪೌಲ ಅದನ್ನು ಹೇಳದೆ ಬಿಡುತ್ತಿದ್ದನೇ? ಅಷ್ಟು ದೊಡ್ಡ ವಿಷಯವನ್ನು ಮುಚ್ಚಿಡುವ ಮನುಷ್ಯ ಅವನಲ್ಲ.

ಅದೇ ಪುಸ್ತಕದಲ್ಲಿ ಐಥಿಯೋಪ್ಯದ ಅಧಿಕಾರಿ ದೀಕ್ಷಾಸ್ನಾನ ಹೊಂದಿ ಸಂತೋಷದಿಂದ ತನ್ನ ದಾರಿ ಹಿಡಿದ. ಲುದ್ಯಳ ಹೃದಯವನ್ನು ಕರ್ತನು ತೆರೆದ. ಇಬ್ಬರ ವಿಷಯದಲ್ಲೂ ಅನ್ಯಭಾಷೆಯ ಮಾತಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗಂತೂ ದೀಕ್ಷಾಸ್ನಾನಕ್ಕೂ ಸಮಯ ಇರಲಿಲ್ಲ. ಅವನಿಗೆ ಅಂದೇ ಪರದೈಸಿನ ಮಾತು ಸಿಕ್ಕಿತು.

ಅನ್ಯಭಾಷೆ ಬಂದದ್ದು ಆ ಪುಸ್ತಕದಲ್ಲಿ ಸ್ಪಷ್ಟವಾಗಿ ಇರುವುದು ಮೂರು ಕಡೆ. 2ನೇ ಅಧ್ಯಾಯದಲ್ಲಿ ಯೆರೂಸಲೇಮಿನಲ್ಲಿ, 10ರಲ್ಲಿ ಕೊರ್ನೇಲ್ಯನ ಮನೆಯಲ್ಲಿ, 19ರಲ್ಲಿ ಎಫೆಸದಲ್ಲಿ ಸುಮಾರು 12 ಜನರಿಗೆ. ಅದು ನಡೆದದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರು ಕಡೆ ನಡೆದದ್ದನ್ನು ಎಲ್ಲರಿಗೂ ಕಟ್ಟುಪಾಡು ಮಾಡುವುದು ಬೇರೆ.

ಹೊಸೂರು ಬ್ರದರ್

ಪ್ರೈಸ್ ದ ಲಾರ್ಡ್. ನಾನು ಪೆಂಟೆಕೋಸ್ಟ್ ಸಭೆಯವನು, ಅಂದರೆ ಆತ್ಮನ ವರಗಳಿಗೆ ಹೆಚ್ಚು ಒತ್ತು ಕೊಡುವ ಸಭೆಗಳ ಕಡೆಯವನು. ನನಗೆ ಅನ್ಯಭಾಷೆಯ ವರ ಇದೆ, ದಿನಾ ಪ್ರಾರ್ಥನೆಯಲ್ಲಿ ಬಳಸುತ್ತೇನೆ. ಅದು ನನಗೆ ಬಹಳ ಅಮೂಲ್ಯ. ಹಾಗಿದ್ದೂ ಸಿಸ್ಟರ್‌ಗೆ ಹೇಳುವುದು ಇಷ್ಟು: ನಿಮ್ಮ ಅತ್ತಿಗೆಗೆ ಅಲ್ಲಿ ಹೇಳಿದ್ದು ನಮ್ಮ ಹೆಚ್ಚಿನ ಸಭೆಗಳ ಬೋಧನೆಯೇ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗೊಂದಲ ಶುರುವಾಗುವುದೇ ಇಲ್ಲಿ. 1901ರ ಜನವರಿ 1ರಂದು ಅಮೆರಿಕದ ಟೊಪೀಕಾ ಊರಿನಲ್ಲಿ ಚಾರ್ಲ್ಸ್ ಪಾರ್ಹಮ್ ನಡೆಸುತ್ತಿದ್ದ ಬೈಬಲ್ ಶಾಲೆಯಲ್ಲಿ ಆಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ ಅನ್ಯಭಾಷೆಯಲ್ಲಿ ಮಾತಾಡಿದರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಅವರ ಕೂಟಗಳು ಶುರುವಾದವು. ಸೀಮೋರ್ ಗುಲಾಮರಾಗಿದ್ದವರ ಮಗ. ಬಿಳಿಯರು, ಕರಿಯರು ಒಟ್ಟಿಗೆ ಕೂರದ ಆ ಕಾಲದಲ್ಲಿ ಅಲ್ಲಿ ಒಟ್ಟಿಗೆ ಮೊಣಕಾಲೂರಿದರು. 1914ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಹುಟ್ಟಿತು. ಅವರ ಬೋಧನೆ ಏನು? ಮನುಷ್ಯ ನಂಬಿಕೆಯಿಂದ ರಕ್ಷಣೆ ಹೊಂದುತ್ತಾನೆ. ಆ ಮೇಲೆ ಸೇವೆಗೆ ಬಲ ಕೊಡುವ ಪವಿತ್ರಾತ್ಮನ ದೀಕ್ಷಾಸ್ನಾನ ಅಂತ ಇನ್ನೊಂದು ಅನುಭವ ಇದೆ. ಅದು ಆಗಿದೆ ಅನ್ನುವುದಕ್ಕೆ ಮೊದಲ ಹೊರಗುರುತು ಅನ್ಯಭಾಷೆ. ಗುರುತು ಇರುವುದು ಎರಡನೆಯದಕ್ಕೆ, ರಕ್ಷಣೆಗೆ ಅಲ್ಲ.

ಹಾಲ್‌ನಲ್ಲಿ ಗಟ್ಟಿಯಾಗಿ ಬೋಧಿಸುವಾಗ ಈ ಎರಡನ್ನು ಒಟ್ಟಿಗೆ ಕಲಸಿಬಿಡುತ್ತಾರೆ. ಕೇಳುವವರಿಗೆ ಅಭಿಷೇಕ ಇಲ್ಲ ಅಂದರೆ ಆತ್ಮನೇ ಇಲ್ಲ, ಆತ್ಮನಿಲ್ಲ ಅಂದರೆ ರಕ್ಷಣೆ ಇಲ್ಲ ಅಂತ ಅನಿಸುತ್ತದೆ. ಕೆಲವು ಪಾಸ್ಟರ್‌ಗಳೇ ಹಾಗೆ ತಿಳಿದಿರುತ್ತಾರೆ.

ಇನ್ನು ‘ಬೇಗ ಬೇಗ ಹೇಳಿ’ ಅಂತ ನಾಲಿಗೆ ತಿರುಗಿಸಲು ಕಲಿಸುವುದು. ಇದರ ಬಗ್ಗೆ ನನಗೆ ನಿಜಕ್ಕೂ ನೋವಿದೆ. ಆತ್ಮನು ನುಡಿಯಲು ಕೊಟ್ಟ ಹಾಗೆ ಅವರು ಮಾತಾಡಿದರು ಅಂತ ವಾಕ್ಯ ಹೇಳುತ್ತದೆ. ದೇವರು ಕೊಡುವುದನ್ನು ನಾವು ಡ್ರಿಲ್ ಮಾಡಿಸಿ ತೆಗೆಸಬಾರದು.

ಆದೋನಿಯಿಂದ

ನಾನು ಒಪ್ಪುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತೇನೆ. ಯೋಹಾನ 3:5ರಲ್ಲಿ ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯದಲ್ಲಿ ಸೇರಲಾರ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಏನು ಮಾಡಬೇಕು ಅಂತ ಜನ ಕೇಳಿದಾಗ ಯೇಸುವಿನ ಶಿಷ್ಯ ಪೇತ್ರ ಏನಂದ? ಪಶ್ಚಾತ್ತಾಪ ಪಡಿ, ಯೇಸು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ, ಪವಿತ್ರಾತ್ಮನ ದಾನ ಹೊಂದುವಿರಿ ಅಂದ. ಆ ದಾನ ಬಂತು ಅಂತ ಗೊತ್ತಾಗುವುದು ಹೇಗೆ? ಕೊರ್ನೇಲ್ಯನ ಮನೆಯಲ್ಲಿ ಯೆಹೂದ್ಯ ವಿಶ್ವಾಸಿಗಳಿಗೆ ಗೊತ್ತಾದದ್ದು ಅವರು ಭಾಷೆಗಳನ್ನಾಡುವುದನ್ನು ಕೇಳಿದ್ದರಿಂದ. ಅಪೊಸ್ತಲರ ಕೃತ್ಯಗಳು 10:46 ಓದಿ.

ಸಮಾರ್ಯದಲ್ಲಿ ಜನ ನಂಬಿದ್ದರು, ದೀಕ್ಷಾಸ್ನಾನ ಆಗಿತ್ತು, ಆದರೂ ಆತ್ಮ ಇನ್ನೂ ಬಂದಿರಲಿಲ್ಲ. ಪೇತ್ರ, ಯೋಹಾನ ಬಂದು ಕೈಯಿಟ್ಟ ಮೇಲೆ ಬಂತು. ಮಾಟಗಾರ ಸೀಮೋನ ಅದನ್ನು ನೋಡಿಯೇ, ಆ ಶಕ್ತಿ ತನಗೂ ಬೇಕು ಅಂತ ಹಣ ಕೊಡಲು ಬಂದ. ಕಣ್ಣಿಗೆ, ಕಿವಿಗೆ ಗೊತ್ತಾಗುವಂಥದ್ದು ಏನೋ ಆಗಿರಲೇಬೇಕು. ಜೈಲಿನ ಯಜಮಾನನ ಕಥೆಯಲ್ಲಿ ಬರೆದಿಲ್ಲ ಅಂದ ಮಾತ್ರಕ್ಕೆ ಆಗಲಿಲ್ಲ ಅಂತ ಹೇಗೆ ಹೇಳುತ್ತೀರಿ? ನನ್ನ ಜೀವನ ಬದಲಾದದ್ದು ನನಗೆ ಅನ್ಯಭಾಷೆ ಬಂದ ರಾತ್ರಿ. ಕುಡಿತ ಬಿಟ್ಟೆ, ಹೆಂಡತಿ ಮಕ್ಕಳ ಹತ್ತಿರ ಕ್ಷಮೆ ಕೇಳಿದೆ. ಅದನ್ನು ಸುಮ್ನೆ ಒಂದು ಹೆಚ್ಚುವರಿ ವರ ಅಂತ ನಾನು ಹೇಳಲಾರೆ.

ಬದಿಯಡ್ಕದ ಮಾಸ್ಟ್ರು

ಆದೋನಿಯವರೇ, ನೀವು ಕುಡಿತ ಬಿಟ್ಟು ಮನೆಯವರ ಕಾಲ ಬುಡಕ್ಕೆ ಬಂದದ್ದು ದೇವರ ಕೆಲಸ ಅಂತ ನಾನೂ ನಂಬುತ್ತೇನೆ. ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ ವಾದಕ್ಕೆ ಒಂದು ಚರಿತ್ರೆ ಇದೆ, ಓದುವವರಿಗಾಗಿ ಹೇಳುತ್ತೇನೆ. ಪೆಂಟೆಕೋಸ್ಟಿನವರಲ್ಲೇ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಅನ್ನುವ ಗುಂಪು 1916ರಲ್ಲಿ ಅಸೆಂಬ್ಲೀಸ್ ಆಫ್ ಗಾಡ್‌ನಿಂದ ಬೇರೆಯಾಯಿತು. 1945ರಲ್ಲಿ ಅಂಥ ಎರಡು ಗುಂಪು ಸೇರಿ ಯುನೈಟೆಡ್ ಪೆಂಟೆಕೋಸ್ಟಲ್ ಚರ್ಚ್ ಆಯಿತು. ಪಶ್ಚಾತ್ತಾಪ, ಯೇಸುವಿನ ಹೆಸರಿನ ದೀಕ್ಷಾಸ್ನಾನ, ಅನ್ಯಭಾಷೆಯ ಗುರುತಿನೊಂದಿಗೆ ಆತ್ಮನ ದೀಕ್ಷಾಸ್ನಾನ, ಈ ಮೂರೂ ಸೇರಿದರೇ ಹೊಸ ಹುಟ್ಟು ಅನ್ನುವುದು ಅವರ ಬೋಧನೆ. ಅಂದರೆ ಈ ಮಾತು ಬಂದದ್ದು ಅಲ್ಲಿಂದ. ಹೊಸೂರು ಬ್ರದರ್ ಸಭೆಯ ಬೋಧನೆ ಬೇರೆ. ಮಂಜೇಶ್ವರದ ತಂಗಿ ಮೊದಲು ತಿಳಿಯಬೇಕಾದದ್ದು, ಆ ಪಾಸ್ಟರ್ ಇವೆರಡರಲ್ಲಿ ಯಾವ ಕಡೆಯವರು ಅಂತ.

ಬರೆಯದೆ ಇರುವುದರ ಬಗ್ಗೆ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಅದೇ ನ್ಯಾಯ ಸಮಾರ್ಯಕ್ಕೂ ಬೇಕಲ್ಲ? ಸೀಮೋನ ಏನೋ ನೋಡಿದ, ಆದರೆ ಏನು ನೋಡಿದ ಅಂತ ಆ ಪುಸ್ತಕ ಬರೆದ ಲೂಕ ಬರೆದಿಲ್ಲ. ಯೆರೂಸಲೇಮಿನಲ್ಲಿ ಆತ್ಮ ಇಳಿದು ಬಂದ ಪೆಂಟೆಕೋಸ್ಟ್ ದಿನವೇ ತೆಗೆದುಕೊಳ್ಳಿ. ಭಾಷೆಗಳನ್ನಾಡಿದ್ದು ಮೇಲಂತಸ್ತಿನಲ್ಲಿ ಕೂಡುತ್ತಿದ್ದ ಶಿಷ್ಯರು. ಪೇತ್ರನ ಬೋಧನೆ ಕೇಳಿ ಒಪ್ಪಿಕೊಂಡು ದೀಕ್ಷಾಸ್ನಾನ ಪಡೆದವರು ಸುಮಾರು 3000 ಜನ. ಆ 3000 ಜನ ಏನು ಮಾಡಿದರು ಅಂತ ಲೂಕ ವಿವರವಾಗಿ ಬರೆಯುತ್ತಾನೆ. ಬೋಧನೆಯಲ್ಲಿ, ಅನ್ಯೋನ್ಯತೆಯಲ್ಲಿ, ರೊಟ್ಟಿ ಮುರಿಯುವುದರಲ್ಲಿ, ಪ್ರಾರ್ಥನೆಯಲ್ಲಿ ನಿರತರಾಗಿದ್ದರು. ಆಸ್ತಿ ಮಾರಿ ಇಲ್ಲದವರಿಗೆ ಹಂಚಿದರು. ಊಟವನ್ನು ಸಂತೋಷದಿಂದ ಮಾಡಿದರು. ಇಷ್ಟೆಲ್ಲ ಬರೆದವನು ಅನ್ಯಭಾಷೆಯನ್ನು ಬರೆಯಲಿಲ್ಲ. ಸಣ್ಣ ವಿಷಯ ಬಿಟ್ಟುಹೋಗಬಹುದು. ಅದಿಲ್ಲದೆ ನರಕ ಅನ್ನುವಷ್ಟು ದೊಡ್ಡದು ಬಿಟ್ಟುಹೋಗುವುದು ಹೇಗೆ?

ಕೊರಿಂಥದವರಿಗೆ ಬರೆದ ಮೊದಲ ಪತ್ರ, ಅಂದರೆ 1 ಕೊರಿಂಥ, 12ರ ಕೊನೆಗೆ ಪೌಲ ಸಾಲಾಗಿ ಕೇಳುತ್ತಾನೆ. ಎಲ್ಲರೂ ಅಪೊಸ್ತಲರೋ? ಎಲ್ಲರೂ ಪ್ರವಾದಿಗಳೋ? ಎಲ್ಲರೂ ಭಾಷೆಗಳನ್ನಾಡುತ್ತಾರೋ? ಅದೇ ಅಧ್ಯಾಯದ 13ನೇ ವಚನದಲ್ಲಿ ನಾವೆಲ್ಲರೂ ಒಂದೇ ಆತ್ಮನಲ್ಲಿ ದೀಕ್ಷಾಸ್ನಾನ ಹೊಂದಿದ್ದೇವೆ ಅಂದಿದ್ದಾನೆ. ಆತ್ಮ ಎಲ್ಲರಿಗೆ, ಭಾಷೆ ಕೆಲವರಿಗೆ. ನನಗೆ ಇದಕ್ಕಿಂತ ಸ್ಪಷ್ಟ ಬೇಡ.

ಹೊಸೂರು ಬ್ರದರ್

ಮಾಸ್ಟ್ರೇ, ಅಲ್ಲಿ ಒಂದು ತಿದ್ದುಪಡಿ. 12ನೇ ಅಧ್ಯಾಯದ ಪ್ರಶ್ನೆ ಸಭೆಯಲ್ಲಿ ಎದ್ದು ನಿಂತು ಆಡುವ ವರದ ಬಗ್ಗೆ, ಒಬ್ಬೊಬ್ಬರ ಪ್ರಾರ್ಥನೆಯ ಭಾಷೆ ಎಲ್ಲರಿಗೂ ಸಿಗಬಹುದು ಅಂತ ನಮ್ಮವರು ತಿಳಿಯುತ್ತಾರೆ. ನೀವೆಲ್ಲರೂ ಭಾಷೆಗಳನ್ನಾಡಬೇಕೆಂದು ನನ್ನ ಇಷ್ಟ ಅಂತ 14:5ರಲ್ಲಿ ಪೌಲ ಹೇಳಿದ್ದಾನಲ್ಲ. ಅದನ್ನೂ ಓದಬೇಕು. ರಕ್ಷಣೆಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆಯೇ ಇದ್ದೇನೆ.

ನೀರ್ಚಾಲಿನ ನರ್ಸಮ್ಮ

ದೇವಶಾಸ್ತ್ರ ನೀವು ಮಾತಾಡಿ. ನಾನು ಬಂದದ್ದು ಉಪವಾಸದ ವಿಷಯಕ್ಕೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ತೀರಾ ಇಳಿಯಬಹುದು. ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಾತು ತೊದಲುತ್ತದೆ, ಕೆಲವರಿಗೆ ಪ್ರಜ್ಞೆಯೇ ತಪ್ಪುತ್ತದೆ. ಇದನ್ನು ಬರೆಯುವಾಗ ನನಗೆ ಭಯ ಆಗುತ್ತದೆ. ಅಭಿಷೇಕದ ಕೂಟದಲ್ಲಿ ನಡುಕ, ತೊದಲು ಬಂದರೆ ಸುತ್ತ ಇದ್ದವರು ಅದನ್ನು ಆತ್ಮ ಬಂತು ಅಂತ ತಿಳಿದು ಸ್ತೋತ್ರ ಹೇಳುತ್ತಾ ನಿಲ್ಲಬಹುದು. ಆಗ ಬೇಕಾದದ್ದು ಒಂದು ಲೋಟ ಸಕ್ಕರೆ ನೀರು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮಂಜೇಶ್ವರದ ತಂಗೀ, ನಾಳೆ ಬೆಳಿಗ್ಗೆಯೇ ಶುಗರ್ ನೋಡಿಸಿ. ಮಾತ್ರೆ ನಿಲ್ಲಿಸುವುದು, ಬದಲಿಸುವುದು ಡಾಕ್ಟರ ಹತ್ತಿರ ಕೇಳಿಯೇ. ನಿದ್ದೆ ಇಲ್ಲದೆ, ಊಟ ಇಲ್ಲದೆ, ಸತ್ತರೆ ನರಕ ಅಂತ ಅಳುವವರನ್ನು ರಾತ್ರಿ ಒಬ್ಬರೇ ಮಲಗಲು ಬಿಡಬೇಡಿ. ಗಂಡ ಹೋದ ದುಃಖವೂ ಒಳಗೆ ಉಂಟಲ್ಲ. ಮನಸ್ಸಿನ ಡಾಕ್ಟರನ್ನು ನೋಡುವುದು ನಂಬಿಕೆಗೆ ವಿರೋಧ ಅಲ್ಲ.

ಬೇಳದ ಅಕ್ಕ

ನಾವು ಕೊಂಕಣಿ ಮನೆಯವರು, ಕಥೋಲಿಕರು. ಅನ್ಯಭಾಷೆ ಅಂದರೆ ಪೆಂಟೆಕೋಸ್ಟಿನವರದ್ದು ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 1967ರಲ್ಲಿ ಅಮೆರಿಕದ ಡ್ಯುಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳ ಧ್ಯಾನಕೂಟದಿಂದ ನಮ್ಮಲ್ಲೂ ಕರಿಸ್ಮ್ಯಾಟಿಕ್ ನವೀಕರಣ, ಅಂದರೆ ಆತ್ಮನ ವರಗಳಿಗೆ ಒತ್ತು ಕೊಡುವ ಚಳವಳಿ, ಶುರುವಾಯಿತು. ನಮ್ಮ ಕಡೆಯಿಂದ ಕೇರಳದ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರಕ್ಕೆ ಬಸ್ಸು ತುಂಬಿ ಜನ ಹೋಗುತ್ತಾರೆ. ಮುಲ್ಕಿಗೂ ಹೋಗುತ್ತಾರೆ. ನಾನು ಹೋದಲ್ಲಿ ಸ್ತುತಿಯ ಹೊತ್ತಿಗೆ ಎಷ್ಟೋ ಜನ ಅನ್ಯಭಾಷೆಯಲ್ಲಿ ಹಾಡಿದರು. ನನಗೆ ಬರಲಿಲ್ಲ. ಪಕ್ಕದಲ್ಲಿದ್ದ ನನ್ನ ನಾದಿನಿಗೆ ಬಂತು. ಅಲ್ಲಿಯ ಫಾದರ್ ಅದನ್ನು ಯಾರ ರಕ್ಷಣೆಗೂ ತಳಕು ಹಾಕಲಿಲ್ಲ.

ನಮ್ಮ ಧರ್ಮಸಭೆಯ ಬೋಧನೆಯಲ್ಲಿ ಜ್ಞಾನಸ್ನಾನ (ನೀವು ದೀಕ್ಷಾಸ್ನಾನ ಅನ್ನುವುದು), ದೃಢೀಕರಣ ಎಂಬ ಸಂಸ್ಕಾರ ಇವುಗಳಲ್ಲೇ ಪವಿತ್ರಾತ್ಮ ಸಿಗುತ್ತಾರೆ. ಭಾಷೆಯ ವರ, ಅದ್ಭುತದ ವರ ಇವೆಲ್ಲ ಸಭೆಯ ಒಳಿತಿಗೆ ಕೊಡುವ ವಿಶೇಷ ಕೃಪೆಗಳು ಅಂತ ಧರ್ಮೋಪದೇಶದ ಗ್ರಂಥದಲ್ಲಿ 2003ನೇ ಅಂಕೆಯಲ್ಲಿ ಉಂಟು. ಸಂತ ಅಗಸ್ಟೀನರ ಒಂದು ಪ್ರಸಂಗವೂ ನೆನಪಾಗುತ್ತದೆ. ಅವರ ಕಾಲದಲ್ಲೇ, ಅಂದರೆ 5ನೇ ಶತಮಾನದ ಶುರುವಿನಲ್ಲೇ, ಯಾರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೋ ಅವರು ಭಾಷೆಗಳನ್ನಾಡಲಿ ಅಂತ ಈಗ ಯಾರಾದರೂ ಕಾಯುತ್ತಾರೆಯೇ ಅಂತ ಜನರನ್ನು ಕೇಳಿದ್ದರು. ಹಾಗಾದರೆ ಆತ್ಮ ಸಿಕ್ಕಿದ್ದು ಗೊತ್ತಾಗುವುದು ಹೇಗೆ ಅಂದರೆ, ಸಹೋದರರನ್ನು ಪ್ರೀತಿಸುತ್ತೀಯಾ ಅಂತ ನಿನ್ನ ಹೃದಯವನ್ನೇ ಕೇಳಿಕೋ ಅಂದರು.

ಸೊಲ್ಲಾಪುರದ ವಕೀಲ

ನಮಸ್ಕಾರ. ಅಮೆರಿಕದ ಹೆಸರೇ ಬರುತ್ತಿದೆ, ನಮ್ಮ ಮಗ್ಗುಲಿನ ಊರನ್ನು ಎಲ್ಲರೂ ಮರೆತಿದ್ದೀರಿ. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲಿನ ದಾರಿಯಲ್ಲೇ ಕೇಡಗಾಂವ್ ಇದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲಿ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಕಾಸರಗೋಡಿನವರಿಗೆ ಅದು ದೂರವೇನೂ ಅಲ್ಲ.

ಬರಗಾಲದಲ್ಲಿ ಹಸಿದ ಹೆಣ್ಣುಮಕ್ಕಳನ್ನು, ಬಾಲವಿಧವೆಯರನ್ನು ಅವರು ಮುಕ್ತಿಗೆ ಕರೆತಂದು ಸಾಕಿದರು. 1905ರಲ್ಲಿ ಆ ಹುಡುಗಿಯರ ನಡುವೆ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಎಚ್ಚರ, ಆಯಿತು. ಅಳು, ಪಾಪದ ಅರಿಕೆ, ರಾತ್ರಿಯಿಡೀ ಪ್ರಾರ್ಥನೆ. ಅಜೂಸಾ ಬೀದಿಗಿಂತ ಮೊದಲೇ ಶುರುವಾದದ್ದು ಇದು. ಆಮೇಲೆ ಅನ್ಯಭಾಷೆಯೂ ಬಂತು. ಅಲ್ಲಿದ್ದ ಮಿನ್ನಿ ಏಬ್ರಮ್ಸ್ ಎಂಬ ಮಿಷನರಿ 1906ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. ಅದು ಚಿಲಿ ದೇಶದ ವಾಲ್ಪರೈಸೊದಲ್ಲಿದ್ದ ಹೂವರ್ ದಂಪತಿಗಳ ಕೈಸೇರಿ, 1909ರಲ್ಲಿ ಅಲ್ಲಿಯೂ ಉಜ್ಜೀವನ ಆಯಿತು. ಅನ್ಯಭಾಷೆಯೊಂದೇ ಆತ್ಮನ ಗುರುತು ಅಂತ ಚಿಲಿಯ ಪೆಂಟೆಕೋಸ್ಟಿನವರು ಹಟ ಹಿಡಿಯಲಿಲ್ಲ.

ನಾನು ಇದನ್ನು ಹೇಳುವುದಕ್ಕೆ ಕಾರಣ ಇದೆ. ನಮ್ಮ ನೆಲದಲ್ಲಿ ಅನ್ಯಭಾಷೆ ಬಂದ ಆ ಮನೆಯಲ್ಲೇ ಅಡುಗೆ, ನೇಯ್ಗೆ, ಓದು, ಅನಾಥರ ಆರೈಕೆ ಎಲ್ಲ ನಡೆಯುತ್ತಿತ್ತು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸಾದಾ ಹೆಂಗಸರಿಗೆ ಅರ್ಥವಾಗಲಿ ಅಂತ ಬೈಬಲನ್ನು ಮರಾಠಿಗೆ ತಂದರು. 1922ರಲ್ಲಿ ಸಾಯುವವರೆಗೂ ಆ ಕೆಲಸ ಮಾಡಿದರು. ಇಂದು ಒಬ್ಬ ವಿಧವೆಗೆ ನಿನಗೆ ಭಾಷೆ ಬರಲಿಲ್ಲ, ನೀನು ಹೊರಗೆ ಅಂದಿದ್ದಾರೆ ಅಂತ ಓದಿದಾಗ ನನಗೆ ಬಹಳ ಬೇಸರ ಆಯಿತು. ಆ ಹೆಣ್ಣುಮಗಳು ವಿಧವೆಯರಿಗಾಗಿಯೇ ಮನೆ ಕಟ್ಟಿದ್ದಳು.

ತಾಳವಾಡಿ ಹುಡುಗ

ನಾನು ಭಾಷಾಶಾಸ್ತ್ರ ಓದುವವನು. ಟೊರಾಂಟೊ ವಿಶ್ವವಿದ್ಯಾಲಯದ ವಿಲಿಯಂ ಸಮಾರಿನ್ ಅನ್ಯಭಾಷೆಯ ಮಾತುಗಳನ್ನು ರೆಕಾರ್ಡ್ ಮಾಡಿ ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದು, ಉಚ್ಚಾರಗಳು ಹೆಚ್ಚಾಗಿ ಆ ವ್ಯಕ್ತಿಗೆ ಮೊದಲೇ ಗೊತ್ತಿರುವ ಭಾಷೆಯವು, ವ್ಯಾಕರಣದ ಕಟ್ಟು ಇಲ್ಲ. 2006ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ 5 ಮಹಿಳೆಯರ ಮಿದುಳಿನ ಚಿತ್ರ ತೆಗೆದಾಗ, ಅನ್ಯಭಾಷೆ ಆಡುವ ಹೊತ್ತಿಗೆ ಹಣೆಯ ಹಿಂದಿನ ಭಾಗದ ಚಟುವಟಿಕೆ ಕಡಿಮೆ ಆಗಿತ್ತು. ಅಂದರೆ ಅವರು ಬೇಕೆಂದು ನಾಟಕ ಮಾಡುತ್ತಿಲ್ಲ ಅನ್ನುವುದಕ್ಕೆ ಅದು ಹೊಂದುತ್ತದೆ. ದೇವರಿಂದ ಬಂತೋ ಇಲ್ಲವೋ ಅಂತ ಯಂತ್ರ ಹೇಳಲಾರದು.

ಇನ್ನೊಂದು. ಮೊದಮೊದಲು ಪಾರ್ಹಮ್ ಅವರು, ಅನ್ಯಭಾಷೆ ಬಂದವರು ಪರದೇಶದ ಭಾಷೆ ಕಲಿಯದೆಯೇ ಅಲ್ಲಿ ಸುವಾರ್ತೆ ಸಾರಬಹುದು ಅಂತ ನಂಬಿದ್ದರು. ಅಜೂಸಾದಿಂದ ಹೊರಟ ಗಾರ್ ದಂಪತಿಗಳು 1907ರಲ್ಲಿ ಕಲ್ಕತ್ತಕ್ಕೆ ಬಂದದ್ದು ಆ ನಂಬಿಕೆಯಿಂದಲೇ. ಅಲ್ಲಿಯ ಜನರ ಜೊತೆ ಮಾತಾಡಲು ಆಗಲಿಲ್ಲ. ಆದರೂ ಅವರು ಅನ್ಯಭಾಷೆಯನ್ನು ಬಿಡಲಿಲ್ಲ, ಅದು ಪ್ರಾರ್ಥನೆಗೆ ಅಂತ ತಿಳಿದುಕೊಂಡರು.

ಬದಿಯಡ್ಕದ ಮಾಸ್ಟ್ರು

ಹುಡುಗ ಒಳ್ಳೆಯದು ನೆನಪಿಸಿದ. ನಮ್ಮ ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದವರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಶಬ್ದಗಳೊಂದಿಗೆ. ಕನ್ನಡ ಅವರಿಗೆ ಒಂದು ರಾತ್ರಿಯಲ್ಲಿ ಬರಲಿಲ್ಲ. ಹಳ್ಳಿಯವರ ಬಾಯಿಂದ, ಓಲೆಗರಿಯಿಂದ ಒಂದೊಂದಾಗಿ ಕಲಿತರು. ಅದೂ ಆತ್ಮನ ಕೆಲಸವೇ ಅಂತ ನನ್ನ ನಂಬಿಕೆ. ಸಭೆಯಲ್ಲಿ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಮೇಲು ಅಂತ 1 ಕೊರಿಂಥ 14:19ರಲ್ಲಿ ಬರೆದ ಪೌಲ, ಅದರ ಹಿಂದಿನ ವಚನದಲ್ಲೇ ನಾನು ನಿಮ್ಮೆಲ್ಲರಿಗಿಂತ ಜಾಸ್ತಿ ಭಾಷೆಗಳನ್ನಾಡುತ್ತೇನೆ ಅಂದವನು.

ಅನಂತಪುರದವರು

ಬ್ರೆದ್ರನ್ ಎಂಬ ಪ್ರೊಟೆಸ್ಟೆಂಟ್ ಸಭೆಯವನು ನಾನು. ಈ ವರಗಳು ಅಪೊಸ್ತಲರ ಕಾಲಕ್ಕೇ ಮುಗಿದವು ಅಂತ ನಾವು ನಂಬುತ್ತೇವೆ. ಭಾಷೆಗಳು ನಿಂತುಹೋಗುವವು ಅಂತ 1 ಕೊರಿಂಥ 13:8ರಲ್ಲಿ ಇದೆ. ನಂಬುವವರು ಹೊಸ ಭಾಷೆಗಳನ್ನಾಡುವರು ಅನ್ನುವ ಮಾರ್ಕ 16:17ನ್ನು ಯಾರಾದರೂ ತೋರಿಸಿದರೆ, ಆ ಕೊನೆಯ ಭಾಗ 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ ಅಂತ ತಿಳಿದಿರಲಿ. ಇಲ್ಲದ ವರಕ್ಕಾಗಿ ಸಿಸ್ಟರ್ ಉಪವಾಸ ಮಾಡುವುದೇ ಬೇಡ.

ಹೊಸೂರು ಬ್ರದರ್

ಅನಂತಪುರದ ಅಣ್ಣ, ನಿಂತುಹೋಗುವುದು ಪೂರ್ಣವಾದದ್ದು ಬಂದಾಗ ಅಂತ ಅಲ್ಲೇ ಇದೆಯಲ್ಲ. ನಾವು ಇನ್ನೂ ಮುಖಾಮುಖಿಯಾಗಿ ನೋಡಿಲ್ಲ. 14:39ರಲ್ಲಿ ಭಾಷೆಗಳನ್ನಾಡುವುದಕ್ಕೆ ಅಡ್ಡಿ ಮಾಡಬೇಡಿ ಅಂತ ಆಜ್ಞೆಯೇ ಇದೆ. ಈ ಚರ್ಚೆ ಬೇರೆ ದಿನ ಮಾಡೋಣ, ಇಲ್ಲಿ ಒಬ್ಬ ತಾಯಿ ಊಟ ಬಿಟ್ಟು ಕೂತಿದ್ದಾರೆ.

ಮಂಜೇಶ್ವರದ ತಂಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶುಗರ್ ನೋಡಿಸಿದೆವು, ಡಾಕ್ಟರ್ ಉಪವಾಸ ಕೂಡಲೇ ಬಿಡಿಸಿದರು. ಗಂಜಿ, ಪಲ್ಯ ತಿನ್ನುತ್ತಿದ್ದಾರೆ. ನಾನು ಅವರ ಹತ್ತಿರವೇ ಮಲಗುತ್ತಿದ್ದೇನೆ. ಮಾಸ್ಟ್ರು ಹೇಳಿದ 16ನೇ ಅಧ್ಯಾಯ ಓದಿದೆವು. ಜೈಲಿನವನು ಊಟ ಬಡಿಸಿದ ಅನ್ನುವಲ್ಲಿ ಅತ್ತಿಗೆ, ಇನ್ನೊಮ್ಮೆ ಓದು ಅಂದರು.

ಅವರಿಗೆ ಎರಡು ಪ್ರಶ್ನೆ ಉಂಟು. ಉಳಿದವರಿಗೆ ಆ ದಿನ ಬಂದದ್ದು ಹಾಗಾದರೆ ಸುಳ್ಳಾ? ಅವರೆಲ್ಲ ಒಳ್ಳೆಯ ಜನ, ಅಣ್ಣ ಹೋದಾಗ ಮನೆಗೆ ಬಂದು ಕೂತವರು. ಮತ್ತೆ, ಈ ಸ್ಥಿತಿಯಲ್ಲಿ ಕರ್ತನ ಭೋಜನ ತೆಗೆದುಕೊಂಡರೆ ಶಾಪ ಬರುತ್ತದಾ?

ಹೊಸೂರು ಬ್ರದರ್

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಸುಳ್ಳು ಅಂತ ಯಾರೂ ದೂರದಿಂದ ಹೇಳಬಾರದು. ಕೆಲವರಿಗೆ ದೇವರು ಕೊಟ್ಟಿರಬಹುದು. ಕೆಲವರು ಸುತ್ತಲಿನ ಒತ್ತಡದಲ್ಲಿ ಬಾಯಿ ಆಡಿಸಿರಬಹುದು. ಅದನ್ನು ಅತ್ತಿಗೆ ಅಳೆಯಬೇಕಾಗಿಲ್ಲ. ಪಕ್ಕದವರಿಗೆ ವರ ಸಿಕ್ಕಿದರೆ ಸಂತೋಷಪಡಲಿ, ತನ್ನನ್ನು ಅದರಿಂದ ಅಳೆದುಕೊಳ್ಳುವುದು ಬೇಡ. ದುಃಖದಲ್ಲಿ ಮನೆಗೆ ಬಂದು ಕೂತವರ ಸ್ನೇಹವನ್ನೂ ಬಿಡುವುದು ಬೇಡ. ನನ್ನ ತಾಯಿಗೆ ಅನ್ಯಭಾಷೆ ಬರಲೇ ಇಲ್ಲ. ನನಗೆ ಪ್ರಾರ್ಥನೆ ಕಲಿಸಿದವಳು ಅವಳು. ಅವಳು ಎಲ್ಲಿದ್ದಾಳೆ ಅನ್ನುವುದರಲ್ಲಿ ನನಗೆ ಚೂರೂ ಸಂಶಯ ಇಲ್ಲ.

ಬದಿಯಡ್ಕದ ಮಾಸ್ಟ್ರು

ಭೋಜನದ ವಿಷಯ. ಅಯೋಗ್ಯವಾಗಿ ತಿನ್ನುವ ಮಾತು 1 ಕೊರಿಂಥ 11ರಲ್ಲಿ ಬಂದದ್ದು ಯಾಕೆ ಅಂತ ನೋಡಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಬಡವರು ಹಸಿದು ನಿಲ್ಲುತ್ತಿದ್ದರು. ಪೌಲ ಗದರಿದ್ದು ಅದನ್ನು. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತಾನೆ, ಪರೀಕ್ಷಿಸಿಕೊಂಡು ಬಿಡಲಿ ಅನ್ನುವುದಿಲ್ಲ. ಅನ್ಯಭಾಷೆಯ ಷರತ್ತು ಅಲ್ಲಿ ಇಲ್ಲವೇ ಇಲ್ಲ. ಅಳುತ್ತಾ ಬಂದರೂ ಕೈ ಚಾಚಿ ತೆಗೆದುಕೊಳ್ಳಲಿ.

ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನೂ ಓದಿ ಹೇಳಿ. ಹೇಗೆ ಪ್ರಾರ್ಥಿಸಬೇಕು ಅಂತ ನಮಗೆ ಗೊತ್ತಾಗದಾಗ ಮಾತಿಲ್ಲದ ನರಳಾಟದಿಂದ ಆತ್ಮನೇ ನಮಗಾಗಿ ಬೇಡುತ್ತಾನೆ ಅಂತ 26ನೇ ವಚನ. ಇಷ್ಟು ದಿನ ಅತ್ತಿಗೆ ಅತ್ತದ್ದು ದೇವರಿಗೆ ಕೇಳಿಸಿದೆ.

ಆದೋನಿಯಿಂದ

ನನ್ನ ನಂಬಿಕೆ ಬದಲಾಗಿಲ್ಲ. ಆದರೆ ಪಾಪ ಅಡಗಿದೆ ಅಂತ ದುಃಖದಲ್ಲಿರುವ ತಾಯಿಗೆ ಹೇಳಿದ್ದು ತಪ್ಪು. ನಮ್ಮ ಸಭೆಯಲ್ಲೂ ವರ್ಷಗಟ್ಟಲೆ ಕಾಯುವವರು ಇದ್ದಾರೆ, ಅವರಿಗೆ ಹಾಗೆ ಹೇಳಬಾರದು ಅಂತ ನಾನು ನಮ್ಮ ಹಿರಿಯರ ಜೊತೆ ಮಾತಾಡುತ್ತೇನೆ. ಅತ್ತಿಗೆಗಾಗಿ ಇವತ್ತು ರಾತ್ರಿ ಪ್ರಾರ್ಥಿಸುತ್ತೇನೆ.

ಮಂಜೇಶ್ವರದ ತಂಗಿ

ಶನಿವಾರ ನಮ್ಮ ಸಭಾಪಾಲಕರು ಮನೆಗೆ ಬರುತ್ತಾರೆ. ಕುಂಬಳೆಯ ಪಾಸ್ಟರನ್ನೂ ಕರೆಯೋಣ, ಎದುರೆದುರು ಕೇಳುತ್ತೇನೆ ಅಂತ ಅತ್ತಿಗೆಯೇ ಹೇಳಿದರು. ಹೊಸೂರು ಬ್ರದರ್, ನೀವು ಆ ಹೊತ್ತಿಗೆ ಫೋನಿನಲ್ಲಿ ಸಿಗಬಹುದಾ? ನಿಮ್ಮ ಕಡೆಯವರೇ ಹೇಳಿದರೆ ಅವರು ಕೇಳಬಹುದು ಅಂತ ನನ್ನ ಎಣಿಕೆ.

ಹೊಸೂರು ಬ್ರದರ್

ಖಂಡಿತ ಸಿಸ್ಟರ್. ಸಂಜೆ 5ರ ಮೇಲೆ ಬಿಡುವಾಗಿರುತ್ತೇನೆ. ನನಗೆ ಮಲಯಾಳ ಬರುವುದಿಲ್ಲ, ಆದ್ದರಿಂದ ಕನ್ನಡದಲ್ಲಿ ಹೇಳುವ ಆ ಬ್ರದರನ್ನೂ ಕರೆಸಿ. ಜಗಳಕ್ಕೆ ಕೂತ ಹಾಗೆ ಆಗಬಾರದು. ಮೊದಲು ಎಲ್ಲರೂ ಸೇರಿ 1 ಕೊರಿಂಥ 12, 13, 14 ಮೂರೂ ಅಧ್ಯಾಯ ನಡುವೆ ನಿಲ್ಲಿಸದೆ ಓದಿ, ಆಮೇಲೆ ಫೋನ್ ಮಾಡಿ. ಅತ್ತಿಗೆ ಊಟ ಮಾಡಿ, ಮಾತ್ರೆ ತೆಗೆದುಕೊಂಡೇ ಕೂರಲಿ.